ಅಳಿಸುವ ಮುನ್ನ ಕೇಳಿಸಿ ನೋಡಿ

ಹಳೆಯ ಲ್ಯಾಪ್‌ಟಾಪ್ ಇರುವ ಮನೆಯಲ್ಲಿ ಅದನ್ನು ಬೈಯುವವರು ಒಬ್ಬರಾದರೂ ಇರುತ್ತಾರೆ. ಒತ್ತಿದರೆ ಏಳುವುದಿಲ್ಲ, ಎದ್ದರೆ ನಡೆಯುವುದಿಲ್ಲ, ಇನ್ನೇನು ನಡೆಯಿತು ಎನ್ನುವಷ್ಟರಲ್ಲಿ ಕಲ್ಲಿನಂತೆ ಕೂತುಬಿಡುತ್ತದೆ. ಟೈಲರಮ್ಮನ ಮನೆಯ ಲ್ಯಾಪ್‌ಟಾಪೂ ಹಾಗೇ ಇತ್ತು. ಆದರೆ ಆ ಮನೆಯಲ್ಲಿ ಅದನ್ನು ಯಾರೂ ಬೈಯುತ್ತಿರಲಿಲ್ಲ. ಯಜಮಾನರ ಮಾತೆಲ್ಲ ಅದರೊಳಗೇ ಇತ್ತು.

ಯಜಮಾನರು ಬಸ್ ಕಂಡಕ್ಟರ್ ಆಗಿದ್ದವರು. ಅವರು ಕೂಗಿದರೆ ಬಸ್ಸಿನ ಕೊನೆಯ ಸೀಟಿನಲ್ಲಿ ತೂಕಡಿಸುವವರೂ ಎದ್ದು ಕೂರುತ್ತಿದ್ದರು. ಗಂಟಲಲ್ಲಿ ಗಡ್ಡೆ ಬೆಳೆದು, ಜೀವ ಉಳಿಸಲು ಡಾಕ್ಟರು ಧ್ವನಿಪೆಟ್ಟಿಗೆಯನ್ನೇ ತೆಗೆಯಬೇಕಾಯಿತು. ಆಪರೇಷನ್ನಿಗೆ ಮೊದಲು, ಆಸ್ಪತ್ರೆಯಲ್ಲಿ ಮಾತಿನ ತರಬೇತಿ ಕೊಡುವ ಮೇಡಂ ಅವರನ್ನು ಕೂರಿಸಿಕೊಂಡು ದಿನಬಳಕೆಯ ಮಾತುಗಳನ್ನೆಲ್ಲ ಅವರ ಬಾಯಿಂದಲೇ ಹೇಳಿಸಿ ರೆಕಾರ್ಡ್ ಮಾಡಿದ್ದರು. ಅವನ್ನು ಲ್ಯಾಪ್‌ಟಾಪಿನ ಒಂದು ಪ್ರೋಗ್ರಾಂ ಒಳಗೆ ಸೇರಿಸಿಕೊಟ್ಟಿದ್ದರು. ಪರದೆಯ ಮೇಲೆ ಸಾಲುಸಾಲು ಗುಂಡಿಗಳು. ಒಂದನ್ನು ಒತ್ತಿದರೆ ‘ಬಾಗ್ಲು ಹಾಕ್ಕೋ’ ಎನ್ನುತ್ತಿತ್ತು. ಇನ್ನೊಂದನ್ನು ಒತ್ತಿದರೆ ‘ಕನ್ನಡಕ ನಿನ್ನ ತಲೆ ಮೇಲೇ ಇದೆ ನೋಡು’. ಗುಂಡಿಯಲ್ಲಿ ಇಲ್ಲದ ಮಾತಿಗೆ ಒಂದು ಸ್ಲೇಟು.

ಆ ವಾರ ಅದೇ ಮೇಡಂ ಫೋನ್ ಮಾಡಿದ್ದರು.

“ಅಮ್ಮಾ, ಇಲ್ಲೊಬ್ಬರು ಲಾರಿ ಮೆಕ್ಯಾನಿಕ್ ಬಂದಿದಾರೆ. ಯಜಮಾನ್ರಿಗೆ ಇದ್ದ ಕಾಯಿಲೇನೇ. ಮೂಕನಾಗಿ ಬದುಕೋದಕ್ಕಿಂತ ಹೋಗೋದೇ ಮೇಲು ಅಂತ ಆಪರೇಷನ್ ಬೇಡ ಅಂತಿದಾರೆ. ಗುರುವಾರ ಯಜಮಾನ್ರನ್ನ ಕರ್ಕೊಂಡು ಬರ್ತೀರಾ? ನಾವು ಹೇಳಿದ್ದಕ್ಕಿಂತ ಇವರನ್ನ ನೋಡಿದ್ರೆ ಧೈರ್ಯ ಬರುತ್ತೆ.”

ಕಂಡಕ್ಟರರು ಸ್ಲೇಟಿನ ಮೇಲೆ ದೊಡ್ಡದಾಗಿ ‘ಹೋಗೋಣ’ ಎಂದು ಬರೆದರು. ಆವತ್ತಿನಿಂದಲೇ ಲ್ಯಾಪ್‌ಟಾಪು ಇನ್ನಷ್ಟು ಮೊಂಡು ಹಿಡಿಯಿತು. ಬೆಳಿಗ್ಗೆ ಒತ್ತಿದ ‘ಟೀ ಆಯ್ತಾ’ ಎಂಬ ಮಾತು ಟೀ ಕುಡಿದು ಲೋಟ ತೊಳೆದ ಮೇಲೆ ಕೇಳಿಸುತ್ತಿತ್ತು. ಅವರು ನಗುತ್ತಿದ್ದರು. ಟೈಲರಮ್ಮನಿಗೆ ನಗು ಬರುತ್ತಿರಲಿಲ್ಲ. ಗುರುವಾರ ಆ ಮನುಷ್ಯನ ಮುಂದೆ ಇದು ಕೈಕೊಟ್ಟರೆ?

ಮಂಗಳವಾರ ಮಧ್ಯಾಹ್ನ ಅವಳು ಮಷೀನಿನ ಮುಂದೆ ಕೂತು ಕಾಲರ್ ಹೊಲಿಯುತ್ತಿದ್ದಳು. ಪಕ್ಕದ ಮೇಜಿನಿಂದ ಕೀಂಯ್ ಎಂದು ಕಿರುಚಿದಂತಾಯಿತು. ನೋಡಿದರೆ ಪರದೆ ತುಂಬ ಕೆಂಪು. ‘ನಿಮ್ಮ ಕಂಪ್ಯೂಟರಿಗೆ ವೈರಸ್ ಬಂದಿದೆ. ಆಫ್ ಮಾಡಿದರೆ ಎಲ್ಲವೂ ಅಳಿಸಿಹೋಗುತ್ತದೆ. ಕೂಡಲೇ ಈ ನಂಬರಿಗೆ ಕರೆ ಮಾಡಿ.’

‘ಎಲ್ಲವೂ ಅಳಿಸಿಹೋಗುತ್ತದೆ’ ಎಂದು ಓದಿದ್ದೇ ತಡ, ಅವಳು ಹೊಲಿಗೆ ಅರ್ಧಕ್ಕೇ ಬಿಟ್ಟು ಎದ್ದಳು. ಹಿಂದುಮುಂದು ನೋಡದೆ ಫೋನ್ ಎತ್ತಿಕೊಂಡಳು.

ಆ ಕಡೆಯವನ ಮಾತು ಬೆಣ್ಣೆಯಂತಿತ್ತು. “ಗಾಬರಿ ಆಗ್ಬೇಡಿ ಮೇಡಂ, ನಾನಿದೀನಲ್ಲ. ನಾನು ಹೇಳಿದ್ದು ಒತ್ತಿ ಸಾಕು.” ಅವಳು ಒತ್ತಿದಳು. ಪರದೆಯ ಮೇಲಿನ ಬಾಣ ತನ್ನಷ್ಟಕ್ಕೆ ತಾನೇ ಓಡಾಡತೊಡಗಿತು.

“ನೋಡಿ, ಈಗ ನಾನು ಒಳಗಿದೀನಿ. ನಿಮ್ಮ ಬ್ಯಾಂಕಿನ ಪೇಜ್ ಒಂದ್ಸಲ ತೆಗೀರಿ.”

ಕಂಡಕ್ಟರರು ಹಿಂದಿನಿಂದ ಬಂದು ನೋಡಿದರು. ಸ್ಲೇಟಿನ ಮೇಲೆ ‘ಬೇಡ’ ಎಂದು ಬರೆದು ಹಿಡಿದರು. ಅವಳು ತಲೆ ಎತ್ತಲಿಲ್ಲ. ಭುಜ ತಟ್ಟಿದರು. “ಇರ್ರೀ, ಸರಿ ಮಾಡ್ತಿದಾರೆ” ಎಂದು ಕೈ ಕೊಡವಿದಳು. ಕೂಗಲು ಅವರಿಗೆ ಧ್ವನಿಯಿಲ್ಲ, ಧ್ವನಿಯಿದ್ದ ಯಂತ್ರ ಬೇರೆಯವನ ಕೈಯಲ್ಲಿದೆ. ಅವರು ಗೋಡೆಯ ಕಡೆ ಧಾವಿಸಿ ವೈಫೈ ಡಬ್ಬಿಯ ಪ್ಲಗ್ಗನ್ನೇ ಕಿತ್ತು ಎಸೆದರು.

ಬಾಣ ನಿಂತಿತು. ಫೋನಿನಲ್ಲಿದ್ದವನ ಬೆಣ್ಣೆ ಮಾತು ಒಂದೇ ಗಳಿಗೆಯಲ್ಲಿ ಕರಗಿತು, ಬಾಯಿಗೆ ಬಂದ ಹಾಗೆ ಬೈದು ಫೋನ್ ಇಟ್ಟುಬಿಟ್ಟ. ಆಗ ಅವಳಿಗೆ ಅರ್ಥವಾಯಿತು. ಗಂಡನ ಮುಖ ನೋಡಲಾರದೆ ಮೆಟ್ಟಿಲು ಹತ್ತಿ ಮಹಡಿಗೆ ಓಡಿದಳು.

ಮಹಡಿಯ ಮೇಲಿದ್ದದ್ದು ಶಾಲೆಯಲ್ಲಿ ಕಂಪ್ಯೂಟರ್ ಪಾಠ ಮಾಡುವ ಟೀಚರ್. ರಜೆಯ ದಿನ, ತಲೆಗೆ ಎಣ್ಣೆ ಹಚ್ಚಿಕೊಂಡು ಕೂತಿದ್ದವರು ಹಾಗೇ ಇಳಿದು ಬಂದರು. ಮೊದಲು ಕೇಳಿದ್ದು, “ನೆಟ್ ಹಾಕಿಲ್ಲ ತಾನೆ?”

“ಇಲ್ಲ. ಇವರೇ ಕಿತ್ತುಹಾಕಿದ್ರು.”

“ಅಣ್ಣ, ಒಳ್ಳೆ ಕೆಲಸ ಮಾಡಿದ್ರಿ. ಅಕ್ಕ, ಇದೊಂದು ತಿಳ್ಕೊಳ್ಳಿ. ಪರದೆ ಮೇಲೆ ತಾನಾಗೇ ಬಂದ ನಂಬರಿಗೆ ಯಾವತ್ತೂ ಫೋನ್ ಮಾಡ್ಬಾರ್ದು. ವೈರಸ್ ಹಿಡಿಯೋರು ಯಾರೂ ಹಾಗೆ ಕೂಗಿ ಕರೆಯಲ್ಲ. ಬ್ಯಾಂಕಿನ ಪಾಸ್‌ವರ್ಡ್ ಕೊಟ್ರಾ?”

“ಅಷ್ಟರಲ್ಲಿ ಇವರು...”

“ಸದ್ಯ! ಆದ್ರೂ ಈಗಲೇ ನಿಮ್ಮ ಫೋನಿಂದ ಎಲ್ಲ ಪಾಸ್‌ವರ್ಡೂ ಬದಲಾಯಿಸಿ. ಬ್ಯಾಂಕಿಗೂ ಒಂದು ಮಾತು ತಿಳಿಸಿ. ಈ ಲ್ಯಾಪ್‌ಟಾಪಿಂದ ಬೇಡ. ಅವನು ಒಳಗೆ ಏನು ಬಿಟ್ಟುಹೋಗಿದಾನೋ ಯಾರಿಗೆ ಗೊತ್ತು.”

“ಹಾಗಾದ್ರೆ ಇದನ್ನ ಎಸೀಬೇಕಾ?”

“ಎಸೆಯೋದ್ಯಾಕೆ? ಯಂತ್ರ ಗಟ್ಟಿಯಾಗೇ ಇದೆ. ಇದನ್ನ ನಡೆಸೋ ಮೂಲ ಸಾಫ್ಟ್‌ವೇರ್ ಇರುತ್ತಲ್ಲ, ಆಪರೇಟಿಂಗ್ ಸಿಸ್ಟಮ್ ಅಂತೀವಿ, ಅದು ಕೆಟ್ಟಿದೆ. ಪೂರ್ತಿ ಅಳಿಸಿ ಹೊಸದಾಗಿ ಹಾಕ್ಬೇಕು.”

“ಅಳಿಸೋದಾ?” ಟೈಲರಮ್ಮ ಲ್ಯಾಪ್‌ಟಾಪಿನ ಮುಂದೆ ಅಡ್ಡ ನಿಂತೇಬಿಟ್ಟಳು. “ಬೇಡ ಟೀಚರ್. ಕಿಟಕಿ ಕೆಟ್ಟಿದೆ ಅಂತ ಮನೇನೇ ಕೆಡವ್ತಾರಾ? ಮೇಲೆ ಮೇಲೆ ಏನಾದ್ರೂ ಸರಿ ಮಾಡಿ.”

“ಅಕ್ಕ, ನಿಮಗಿಂತ ಚೆನ್ನಾಗಿ ಇದು ಯಾರಿಗೆ ಗೊತ್ತು? ಹೊಲಿಗೆಯೆಲ್ಲ ಜಾಳಾದ ಅಂಗಿಗೆ ತೇಪೆ ಮೇಲೆ ತೇಪೆ ಹಾಕ್ತೀರಾ, ಹೊಲಿಗೆ ಬಿಚ್ಚಿ ಹೊಸದಾಗಿ ಹೊಲೀತೀರಾ?”

“ಬಿಚ್ಚಿದ್ರೂ ಬಟ್ಟೆ ಕೈಯಲ್ಲಿ ಉಳಿಯುತ್ತಲ್ವಾ! ಇಲ್ಲಿ ಬಟ್ಟೇನೇ ಹೋಗುತ್ತಲ್ಲ!”

ಕಂಡಕ್ಟರರು ಸ್ಲೇಟು ಎತ್ತಿಕೊಂಡರು. ‘ಕಳ್ಳ ಹೊಕ್ಕ ಮನೇಲಿ ನಿದ್ದೆ ಬರಲ್ಲ. ಮಾಡಿ.’

ಟೀಚರು ಮೇಲಿಂದ ತಮ್ಮ ಲ್ಯಾಪ್‌ಟಾಪು, ಒಂದು ಹಾರ್ಡ್ ಡಿಸ್ಕು, ಎರಡು ಪೆನ್‌ಡ್ರೈವು ತಂದರು. ಹಳೆಯದರಲ್ಲಿದ್ದ ಫೋಟೋ, ಡಾಕ್ಟರ ವರದಿ, ಬೇಕಾದ ಕಾಗದಪತ್ರಗಳನ್ನೆಲ್ಲ ಹಾರ್ಡ್ ಡಿಸ್ಕಿಗೆ ಒಂದು ಕಾಪಿ, ಒಂದು ಪೆನ್‌ಡ್ರೈವಿಗೆ ಇನ್ನೊಂದು ಕಾಪಿ ಮಾಡಿಕೊಂಡರು. ಪ್ರೋಗ್ರಾಂಗಳನ್ನು ಮುಟ್ಟಲಿಲ್ಲ. “ಅವನ್ನ ಆಮೇಲೆ ತಯಾರು ಮಾಡಿದವರ ಸ್ವಂತ ವೆಬ್‌ಸೈಟಿಂದ ಹೊಸದಾಗಿ ಇಳಿಸ್ಕೊಳ್ಳೋಣ. ಹಳೇದನ್ನ ತಂದ್ರೆ ಕಳ್ಳನ್ನೂ ಜೊತೆಗೇ ಕರ್ಕೊಂಡು ಬಂದ ಹಾಗೆ” ಎಂದರು. ಬಳಿಕ ಆ ಕಾಪಿಗಳನ್ನು ತಮ್ಮ ಯಂತ್ರದಲ್ಲಿ ವೈರಸ್ ಪರೀಕ್ಷೆ ಮಾಡಿ, ಅವುಗಳೊಳಗಿನ ಒಂದೆರಡು ಫೋಟೋ ತೆರೆದು ನೋಡಿದರು. “ಎಲ್ಲ ಬಂದಿದೆ. ಶುರು ಮಾಡ್ಲಾ?”

“ಇವರ ಧ್ವನಿ?” ಎಂದಳು ಟೈಲರಮ್ಮ.

“ಬಂದಿರುತ್ತೆ ಅಕ್ಕ. ಎಲ್ಲಾನೂ ಎತ್ಕೊಂಡಿದೀನಲ್ಲ.”

“ಬಂದಿರುತ್ತೆ ಅನ್ನೋದು ಬೇಡ. ಕೇಳ್ಸಿ.”

“ಅಕ್ಕ, ಹೊತ್ತಾಗುತ್ತೆ...”

“ಆಗ್ಲಿ. ಒಂದು ಮಾತು ಕೇಳ್ಸಿ. ಆಮೇಲೆ ನೀವು ಹೇಳಿದ ಹಾಗೆ.”

ಅನುಮಾನದ ಪ್ರಾಣಿ ಎಂದು ಟೀಚರು ಮನಸ್ಸಿನಲ್ಲಿ ಅಂದುಕೊಂಡಿರಬೇಕು. ಆದರೂ ಹಾರ್ಡ್ ಡಿಸ್ಕಿನ ಒಂದೊಂದೇ ಫೋಲ್ಡರ್ ತೆರೆದರು. ಫೋಟೋ ಇದ್ದವು. ವರದಿಗಳಿದ್ದವು. ಧ್ವನಿ ಮಾತ್ರ ಎಲ್ಲೂ ಇರಲಿಲ್ಲ. ಮತ್ತೆ ಹುಡುಕಿದರು. ಪೆನ್‌ಡ್ರೈವಿನಲ್ಲೂ ಇಲ್ಲ. ಟೀಚರ ಮುಖ ಬಿಳಿಚಿಕೊಂಡಿತು.

ಟೈಲರಮ್ಮ ಹಳೆಯ ಲ್ಯಾಪ್‌ಟಾಪನ್ನು ಎರಡೂ ಕೈಯಿಂದ ತನ್ನ ಕಡೆ ಎಳೆದುಕೊಂಡಳು. ಶುರು ಮಾಡಿ ಎಂದು ಒಂದು ಮಾತು ಹೇಳಿದ್ದಿದ್ದರೆ? ಇಷ್ಟು ಹೊತ್ತಿಗೆ ಅಳಿಸಿಹೋಗಿರುತ್ತಿತ್ತು. ಯಜಮಾನರು ಸ್ಲೇಟು ಮಾತ್ರ ಹಿಡಿದು ಕೂರಬೇಕಾಗುತ್ತಿತ್ತು.

ಟೀಚರು ಆಸ್ಪತ್ರೆಯ ಮೇಡಂಗೆ ಫೋನ್ ಹಚ್ಚಿದರು. ಮೇಡಂ ಹೇಳಿದ್ದು ಇಷ್ಟು: ಧ್ವನಿಗಳು ಫೋಟೋಗಳಿರುವ ಜಾಗದಲ್ಲಿ ಇರುವುದಿಲ್ಲ. ಪ್ರೋಗ್ರಾಂ ತನ್ನದೇ ಒಳಕೋಣೆಯಲ್ಲಿ ಬಚ್ಚಿಟ್ಟುಕೊಂಡಿರುತ್ತದೆ. ಅದರ ಮೆನುವಿನಲ್ಲಿ ಧ್ವನಿಗಳನ್ನು ಹೊರಗೆ ಉಳಿಸುವ ಆಯ್ಕೆಯಿದೆ, ಅಲ್ಲಿಂದಲೇ ತೆಗೆಯಬೇಕು.

ಆ ಆಯ್ಕೆ ಸಿಕ್ಕಿತು. ಒತ್ತಿದರು. ಹಸಿರು ಪಟ್ಟಿ ಅರ್ಧಕ್ಕೆ ಬಂದು ನಿಂತಿತು. ನಿಂತೇ ಇತ್ತು. ಟೈಲರಮ್ಮ ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತ, ಬಿಚ್ಚುತ್ತ ಕೂತಳು. ಹಳೆಯ ಯಂತ್ರ ಮೆಟ್ಟಿಲು ಹತ್ತುವ ಮುದುಕನ ಹಾಗೆ ಏದುಸಿರು ಬಿಡುತ್ತಿತ್ತು. ಕೊನೆಗೆ ಪಟ್ಟಿ ಅಲುಗಿತು, ತುಂಬಿತು.

ಟೀಚರು ಆ ಕಾಪಿಯನ್ನು ಹಾರ್ಡ್ ಡಿಸ್ಕಿಗೂ ಪೆನ್‌ಡ್ರೈವಿಗೂ ಹಾಕಿ, ತಮ್ಮ ಲ್ಯಾಪ್‌ಟಾಪಿನಲ್ಲಿ ತೆರೆದು ಒಂದನ್ನು ಒತ್ತಿದರು. ‘ಸ್ವಲ್ಪ ಉಪ್ಪು ಜಾಸ್ತಿ ಆಯ್ತು, ಆದ್ರೂ ಚೆನ್ನಾಗಿದೆ’ ಎಂದರು ಕಂಡಕ್ಟರರು, ಬೇರೆಯವರ ಯಂತ್ರದೊಳಗಿಂದ.

ಟೈಲರಮ್ಮ ಕಣ್ಣೊರೆಸಿಕೊಂಡಳು. ಟೀಚರು ಅವಳ ಕೈ ಹಿಡಿದರು. “ಅಕ್ಕ, ನಾನು ಪಾಠ ಮಾಡೋಳು. ಕಾಪಿ ಮಾಡಿ ಅಂತ ಮಕ್ಕಳಿಗೆ ದಿನಾ ಹೇಳ್ತೀನಿ. ತೆರೆದು ನೋಡಿ ಅಂತ ಹೇಳೋದನ್ನ ಮರೀತಿದ್ದೆ.”

“ಈಗ ಶುರು ಮಾಡಿ” ಎಂದಳು ಟೈಲರಮ್ಮ.

ಟೀಚರು ಹಾರ್ಡ್ ಡಿಸ್ಕನ್ನೂ ಕಾಪಿಯಿದ್ದ ಪೆನ್‌ಡ್ರೈವನ್ನೂ ಕಿತ್ತು ದೂರವಿಟ್ಟರು. “ಅಳಿಸೋವಾಗ ಇವು ಸಿಕ್ಕೊಂಡಿದ್ರೆ, ಕೈತಪ್ಪಿ ಇವೂ ಅಳಿಸಿಹೋಗ್ಬಹುದು.” ತಮ್ಮ ಲ್ಯಾಪ್‌ಟಾಪಿನಲ್ಲಿ, ಸಿಸ್ಟಮ್ ತಯಾರಿಸಿದವರ ಸ್ವಂತ ವೆಬ್‌ಸೈಟಿಗೆ ಹೋಗಿ, ಈ ಹಳೆಯ ಯಂತ್ರ ತಡೆಯಬಲ್ಲಂಥ, ಇನ್ನೂ ಸುರಕ್ಷತೆಯ ಅಪ್‌ಡೇಟ್ ಸಿಗುತ್ತಿರುವ ಆವೃತ್ತಿಯನ್ನೇ ನೋಡಿ ಖಾಲಿ ಪೆನ್‌ಡ್ರೈವಿಗೆ ಇಳಿಸಿಕೊಂಡರು. ಪುಕ್ಕಟೆ ಸಿಗುತ್ತದೆಂದು ಎಲ್ಲೆಲ್ಲಿಂದಲೋ ಕದ್ದ ಪ್ರತಿ ತಂದರೆ ಮತ್ತೆ ಇದೇ ಗತಿ ಎಂದರು. ಹಳೆಯ ಲ್ಯಾಪ್‌ಟಾಪಿಗೆ ಚಾರ್ಜರ್ ಚುಚ್ಚಿ, ಆ ಪೆನ್‌ಡ್ರೈವಿನಿಂದ ಎಬ್ಬಿಸಿದರು. ‘ಈ ಡಿಸ್ಕಿನಲ್ಲಿರುವುದೆಲ್ಲ ಅಳಿಸಿಹೋಗುತ್ತದೆ’ ಎಂದು ಪರದೆ ಎಚ್ಚರಿಸಿತು. ಮಧ್ಯಾಹ್ನ ಇದೇ ಮಾತಿಗೆ ಹೆದರಿ ಅವಳು ಕಳ್ಳನಿಗೆ ಬಾಗಿಲು ತೆರೆದಿದ್ದಳು.

ಕಂಡಕ್ಟರರು ಕೈಚಾಚಿ ‘ಸರಿ’ ಎಂಬುದನ್ನು ತಾವೇ ಒತ್ತಿದರು.

ಪರದೆ ಕಪ್ಪಾಯಿತು. “ಹೋಯ್ತಾ?” ಎಂದಳು. “ಇಲ್ಲ ಅಕ್ಕ, ಮತ್ತೆ ಏಳ್ತಿದೆ. ಒಂದೆರಡು ಸಲ ಹೀಗಾಗುತ್ತೆ. ನಡುವೆ ಆಫ್ ಮಾತ್ರ ಮಾಡ್ಬಾರ್ದು.” ಮತ್ತೆ ಕಪ್ಪು. ಮತ್ತೆ ಬೆಳಕು. ಕೊನೆಗೆ ಶುಭ್ರವಾದ ನೀಲಿ ಪರದೆ ಬಂತು, ಸುಣ್ಣ ಬಳಿದ ಖಾಲಿ ಮನೆಯಂತೆ. ಆದರೆ ವೈಫೈ ಹಿಡಿಯಲಿಲ್ಲ. “ಮತ್ತೆ ಕೆಟ್ಟಿತಾ?” ಎಂದಳು ಟೈಲರಮ್ಮ.

“ಹಳೆ ಯಂತ್ರದಲ್ಲಿ ಇದು ಸಾಮಾನ್ಯ. ವೈಫೈ, ಸೌಂಡು ನಡೆಸೋಕೆ ಡ್ರೈವರ್ ಅಂತ ಚಿಕ್ಕ ಸಾಫ್ಟ್‌ವೇರ್ ಬೇಕು, ಅದು ಇನ್ನೂ ಬಂದಿಲ್ಲ” ಎಂದು ಟೀಚರು ತಮ್ಮ ಫೋನನ್ನು ತಂತಿಯಿಂದ ಜೋಡಿಸಿ ಅದರ ನೆಟ್ ಕೊಟ್ಟರು. ಡ್ರೈವರೇ ಇಲ್ಲದ ಬಸ್ಸಿನಲ್ಲಿ ಕಂಡಕ್ಟರ್ ಏನು ಮಾಡಿಯಾನು ಎಂದು ಯಜಮಾನರು ಸ್ಲೇಟಿನಲ್ಲಿ ಬರೆದು ತೋರಿಸಿದರು. ಆವತ್ತು ಮೊದಲ ಸಲ ಮೂವರೂ ನಕ್ಕರು.

ಅಪ್‌ಡೇಟ್‌ಗಳೆಲ್ಲ ಬಂದವು. ಮಾತಿನ ಪ್ರೋಗ್ರಾಂ ಬಂತು. ಧ್ವನಿಗಳ ಕಾಪಿಯನ್ನು ಒಳಗೆ ಸೇರಿಸಿದರು. ಗುಂಡಿಗಳು ಮತ್ತೆ ಸಾಲಾಗಿ ನಿಂತವು. ಕಂಡಕ್ಟರರು ಒಂದನ್ನು ಒತ್ತಿದರು. ಒತ್ತಿದ್ದೇ ತಡ, ಮಾತು ಬಂತು: ‘ಸಾಕು, ಮಷೀನ್ ಮುಚ್ಚಿ ಮಲಕ್ಕೋ.’

“ಇನ್ನೂ ಸಂಜೆ ರೀ!” ಎಂದು ಟೈಲರಮ್ಮ ಗದರಿಕೊಂಡಳು. ಗದರುತ್ತಲೇ ಬಿಕ್ಕಿದಳು.

ಗುರುವಾರ ಆಸ್ಪತ್ರೆಯಲ್ಲಿ ಲಾರಿ ಮೆಕ್ಯಾನಿಕ್ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದರು. ಉಗುರಿನ ಸಂದಿಯಲ್ಲಿ ಇನ್ನೂ ಗ್ರೀಸು. ಮೇಡಂ ಕರೆದರೂ ತಿರುಗಲಿಲ್ಲ. ಕಂಡಕ್ಟರರು ಲ್ಯಾಪ್‌ಟಾಪನ್ನು ಮಂಚದ ಅಂಚಿಗಿಟ್ಟು, ಸ್ವಲ್ಪ ಯೋಚಿಸಿ, ಕೊನೆಯ ಸಾಲಿನ ಒಂದು ಗುಂಡಿ ಒತ್ತಿದರು. ರೆಕಾರ್ಡಿಂಗ್ ದಿನ ಅವರೇ ತಮಾಷೆಗೆ ಕೂಗಿದ್ದ ಮಾತು.

‘ಒಳಗೆ ಹೋಗಿ, ಒಳಗೆ ಹೋಗಿ! ಹಿಂದೆ ಜಾಗ ಖಾಲಿ ಇದೆ, ಬಾಗ್ಲಲ್ಲಿ ನಿಲ್ಬೇಡಿ!’

ವಾರ್ಡಿಗೆ ವಾರ್ಡೇ ತಿರುಗಿ ನೋಡಿತು. ಮೆಕ್ಯಾನಿಕ್ಕೂ ತಿರುಗಿದರು. ಕಂಡಕ್ಟರರ ಕುತ್ತಿಗೆಯಲ್ಲಿ ಆಪರೇಷನ್ನಿನ ತೂತು ಮುಚ್ಚಿದ್ದ ಬಟ್ಟೆಯನ್ನು ನೋಡಿದರು, ಯಂತ್ರವನ್ನು ನೋಡಿದರು. ಒಡೆದ ಗಂಟಲಲ್ಲಿ ಕೇಳಿದರು, “ಇದು ನಿಮ್ಮದೇ ಧ್ವನೀನಾ?”

“ಇವರದ್ದೇ” ಎಂದಳು ಟೈಲರಮ್ಮ. “ಹಾರ್ಡ್ ಡಿಸ್ಕಲ್ಲಿ ಇದೆ, ಪೆನ್‌ಡ್ರೈವಲ್ಲಿ ಇದೆ, ಮಗಳ ಮನೇಲೂ ಒಂದು ಇಡ್ಸಿದೀನಿ. ಎಲ್ಲಾ ಕಡೆ ಹಾಕಿ ಕೇಳಿದೀನಿ.”

ಮೆಕ್ಯಾನಿಕ್ ಎದ್ದು ಕೂತು ಮೇಡಂ ಕಡೆ ನೋಡಿದರು.

“ನನ್ನ ಹೆಂಡ್ತಿ ಹೆಸರು ಕರೆಯೋದನ್ನೂ ಅದ್ರಲ್ಲಿ ಹಾಕ್ಬಹುದಾ?”

ಓದುತ್ತಿರುವ ಅಕ್ಕಂದಿರೇ, ಅಣ್ಣಂದಿರೇ, ನಿಮ್ಮ ಮನೆಯ ಹಳೆಯ ಲ್ಯಾಪ್‌ಟಾಪಿನೊಳಗೂ ಮತ್ತೆ ಸಿಗದ ಏನೋ ಒಂದು ಇದ್ದೇ ಇರುತ್ತದೆ. ಯಂತ್ರ ನಿಧಾನವಾಯಿತೆಂದು ಎಸೆಯಬೇಡಿ. ಪರದೆಯ ಮೇಲಿನ ಕೆಂಪು ಅಕ್ಷರಕ್ಕೆ ಹೆದರಿ ಗೊತ್ತಿಲ್ಲದವರಿಗೆ ಕರೆ ಮಾಡಬೇಡಿ. ನೆಟ್ ಕಿತ್ತುಹಾಕಿ, ತಿಳಿದವರನ್ನು ಕರೆಯಿರಿ. ಅಳಿಸಿ ಹೊಸದಾಗಿ ಹಾಕಿಸುವುದಕ್ಕೂ ಹೆದರಬೇಕಿಲ್ಲ. ಆದರೆ ಅಳಿಸುವ ಮುಂಚೆ ನಿಮಗೆ ಬೇಕಾದದ್ದನ್ನು ಎರಡು ಕಡೆ ಕಾಪಿ ಮಾಡಿ, ಆ ಕಾಪಿಯನ್ನು ಬೇರೊಂದು ಯಂತ್ರದಲ್ಲಿ ತೆರೆದು ಕಣ್ಣಾರೆ ನೋಡಿ, ಕಿವಿಯಾರೆ ಕೇಳಿ. ‘ಬಂದಿರುತ್ತೆ ಬಿಡಿ’ ಎಂದು ಯಾರಾದರೂ ಅಂದರೆ, ನಾಚಿಕೊಳ್ಳದೆ ‘ತೋರ್ಸಿ’ ಎನ್ನಿ. ಅದನ್ನು ಯಂತ್ರ ಕೆಡುವವರೆಗೆ ಕಾದು ಮಾಡಬೇಡಿ, ಈ ಹಾಳೆ ಮಡಿಸಿಟ್ಟ ಕೂಡಲೇ ಮಾಡಿ.