ಉಡಿ ತುಂಬಿದ ಬೀಜ

ಸಿದ್ದೇಶ, ಟೈಪು ಮಾಡುವುದು ನನ್ನ ಬೆರಳಿಗೆ ಬರುವುದಿಲ್ಲ, ಬಾಯಿಯಲ್ಲೇ ಹೇಳುತ್ತೇನೆ, ಪೂರ್ತಿ ಕೇಳು. ನಿನ್ನ ಜೊತೆ ಕಾಲೇಜು ಓದಿದ ಮಲ್ಲೇಶ್ವರಿ, ನನ್ನ ತಂಗಿ ವಿರೂಪಾಕ್ಷಮ್ಮನ ಮಗಳು, ಕಾರಟಗಿ ರಸ್ತೆಯಲ್ಲಿ ಬೀಜದ ಲ್ಯಾಬು ಇಟ್ಟವಳು, ಅವಳ ಮಾತು. ಸವಳು ಹತ್ತಿ ಉಪ್ಪಾದ ಹೊಲದಲ್ಲೂ ಬೆಳೆಯುವಂತೆ ಜೀನು ತಿದ್ದಿದ ಭತ್ತ ಫಿಲಿಪೈನ್ಸಿನಲ್ಲಿದೆಯಂತೆ. ಅದರಲ್ಲಿ ಒಂದು ಹಿಡಿ ತರಿಸುವ ಪರ್ಮಿಟ್ಟಿಗೆ ವರ್ಷಗಟ್ಟಲೆ ಅಲೆದಳು. ಈ ಕಚೇರಿ ಆ ಕಚೇರಿಯ ಸಹಿ ಕೇಳುವುದು, ಅದು ಇದರ ಸಹಿ ಕೇಳುವುದು.

ಈ ವರ್ಷ ನಿಯಮ ಸಲೀಸು ಮಾಡಿದರು. ಕಡಿಮೆ ಬೀಜಕ್ಕೆ ಒಂದೇ ಅರ್ಜಿ, ಇನ್‌ಸ್ಪೆಕ್ಟರೂ ಬರುವುದಿಲ್ಲ. ಸೀಲು ಲ್ಯಾಬಿನಲ್ಲೇ ಒಡೆದೆ, ಬೇರೆ ಕಾಳು ಬೆರೆತಿಲ್ಲ ಎಂದು ತರಿಸಿದವರೇ ಬರೆದುಕೊಟ್ಟರೆ ಸಾಕು. ನಾನು ಪೇಢೆ ಹಂಚಿದೆ.

ಪೊಟ್ಟಣ ಬಂದದ್ದು ಅಮಾವಾಸ್ಯೆ ದಿನ. ಲ್ಯಾಬು ಮುಚ್ಚಿತ್ತು, ಕೊರಿಯರಿನವನು ಮನೆಗೇ ತಂದ. ಮಲ್ಲಿ ಕೊಪ್ಪಳಕ್ಕೆ ಹೋಗಿದ್ದಳು. ತಂಗಿಗೆ ಹೊಸ ಬೀಜವೆಂದರೆ ಹೊಸ ಸೊಸೆ, ಬರಿ ಉಡಿಯಲ್ಲಿ ಒಳಗೆ ಕರೆಯುವುದುಂಟೇ? ಸೀಲು ಕತ್ತರಿಸಿ, ಉಡಿ ತುಂಬಿದಂತೆ ಮನೆಯ ಭತ್ತ ಒಂದು ಹಿಡಿ ಅದರೊಳಗೇ ಸುರಿದು, ಅರಿಸಿನ ಹಚ್ಚಿ ದೇವರ ಮುಂದೆ ಇಟ್ಟಳು.

ಮಲ್ಲಿ ಬಂದವಳು ನೋಡಿ ಪೊಟ್ಟಣ ಎತ್ತಿ ಬೆಳಕಿಗೆ ಹಿಡಿದಳು.

"ಯವ್ವಾ, ಎಷ್ಟು ಹಾಕೀದಿ?"

"ಕಡಿಮಿ ಮಾಡಿಲ್ಲ ಬಿಡವಾ, ಹಿಡಿ ತುಂಬ ಹಾಕೀನಿ," ಎಂದಳು ತಂಗಿ, ಜಿಪುಣತನಕ್ಕೆ ಬೈಯುತ್ತಾಳೆಂದು ತಿಳಿದು.

ಮೂವರೂ ಆರಿಸಲು ಕುಳಿತೆವು. ಕಾಳಿಗೂ ಕಾಳಿಗೂ ಫರಕೇ ಇಲ್ಲ.

"ಸುಮ್ನ ಬರದುಕೊಡು," ಎಂದೆ. "ಯಾರ್ ಬಂದು ನೋಡ್ತಾರ? ಅದಕ್ಕಲ್ಲೇನು ಸಲೀಸು ಮಾಡಿದ್ದು?"

"ಯಾರೂ ನೋಡಂಗಿಲ್ಲಂತನ ನನ್ನ ಮಾತು ನಂಬ್ಯಾರ, ಮಾವ. ನಾ ಸುಳ್ಳ ಬರದು ಸಿಕ್ಕರ ಈ ಹಾದಿ ಎಲ್ಲಾರಿಗೂ ಮುಚ್ಚತೈತಿ. ಸಿಗದಿದ್ರೂ, ನಾಳಿ ಬೆಳಿ ಬಂದ್ರ ಯಾವ ಕಾಳಿನಿಂದ ಬಂತಂತ ಹೇಳ್ಲಿ?"

"ಮತ್ತೊಮ್ಮಿ ತರಸು."

"ಅಲ್ಲಿಯವರು ಕೊಟ್ಟಿದ್ದೇ ಇಷ್ಟು. ಇನ್ನ ಕೊಡಂಗಿಲ್ಲಂತ ಮೊದ್ಲೇ ಹೇಳ್ಯಾರ."

ಅವಳು ದಿಲ್ಲಿಯ ಪರ್ಮಿಟ್ ಕಚೇರಿಗೆ ಫೋನು ಹಚ್ಚಿ ನಡೆದದ್ದು ನಡೆದಂತೆ ಹೇಳಿದಳು. ಎಲ್ಲ ಸುಟ್ಟು ಫೋಟೋ ಕಳಿಸಿ ಎಂದರು.

ಮಲ್ಲಿ ಒಲೆಗೆ ಹಾಕುವಾಗ ತಂಗಿ ಅವಳ ಮೊಣಕೈ ಹಿಡಿದಳು. "ನನ್ನ ತಪ್ಪಿಗೆ ಅದನ್ಯಾಕ ಸುಡ್ತೀ? ನಾಕು ಕಾಳರ ಇಟ್ಕೋ ನನ್ನವ್ವಾ."

"ಕೈ ಬಿಡು ಯವ್ವಾ, ಸುಟ್ಗೊಂಡಿ."

ಕಾಳು ಅರಳಿನಂತೆ ಸಿಡಿಯಿತು. ಮಲ್ಲಿ ಫೋಟೋ ತೆಗೆದಳು. ಆವತ್ತಿನಿಂದ ಲ್ಯಾಬಿಗೆ ಕೀಲಿ. ತಂಗಿ ಊಟ ಬಿಟ್ಟಿದ್ದಾಳೆ, ಮಗಳು ಮಾತು ಬಿಟ್ಟಿದ್ದಾಳೆ. ನನಗೆ ಏನೂ ತೋಚುತ್ತಿಲ್ಲ, ಸಿದ್ದೇಶ. ನೀನಾದರೂ ಬಾ.