ಮೊದಲು ಕೂಸು

ಖಾನಾಪುರದಲ್ಲಿ ಬೆಳಗಿನ ಪ್ಯಾಸೆಂಜರ್ ಹತ್ತುವವರಿಗೆ ಒಂದು ಪದ್ಧತಿಯಿದೆ. ಬಾಗಿಲಲ್ಲಿ ನೂಕುನುಗ್ಗಲು ಜೋರಾಗುವ ಮೊದಲೇ ಕೂಸನ್ನು ಎತ್ತಿ ಒಳಗಿರುವ ಯಾರದಾದರೂ ಕೈಗೆ ಕೊಟ್ಟು “ಹಿಡೀರಿ” ಎನ್ನಬೇಕು. ಆಮೇಲೆ ಚೀಲ, ಕೊನೆಗೆ ನಾವು. ಕೂಸು ತಲೆಗಳ ಮೇಲಿಂದ ಕೈಯಿಂದ ಕೈಗೆ ಹೋಗಿ ಎಲ್ಲೋ ಒಂದು ತೊಡೆಯ ಮೇಲೆ ಕೂರುತ್ತದೆ. ನನ್ನ ಮಗಳು ಸಮೃದ್ಧಿ, ನಮ್ಮ ಸಮೂ, ಆರು ತಿಂಗಳಿದ್ದಾಗಿನಿಂದ ಹೀಗೇ ಬೆಳಗಾವಿ ಕಂಡವಳು. ಯಾರೂ ಅವಳನ್ನು ಹೊತ್ತುಕೊಂಡು ಓಡಿಹೋಗಿಲ್ಲ. ಇದಕ್ಕೆ ಮೂಗು ಮುರಿಯುವ ಪೇಟೆ ಮಂದಿಗೆ ನಾನು ಯಾವತ್ತೂ ಸೊಪ್ಪು ಹಾಕಿಲ್ಲ.

ಹೆಂಡತಿ ಪ್ರಮಿಳಾ ನರ್ಸ್. ಜಪಾನಿನ ಒಸಾಕಾ ಶಹರದ ಹೊರಗೆ, ವೃದ್ಧರನ್ನು ನೋಡಿಕೊಳ್ಳುವ ಮನೆಯೊಂದರಲ್ಲಿ ಅವಳಿಗೆ ಕೆಲಸ. ಕಳೆದ ತಿಂಗಳು ಸಮೃದ್ಧಿಯನ್ನು ನಾನೇ ಕರೆದೊಯ್ದು ಅವಳ ಹತ್ತಿರ ಬಿಟ್ಟು ಬಂದೆ. ಹತ್ತು ದಿನ ಅಲ್ಲಿಯ ಉಪನಗರದ ರೈಲಿನಲ್ಲಿ ಓಡಾಡಿದೆ. ಗಾಡಿ ಬಂದು ನಿಲ್ಲುವುದು, ಸಣ್ಣದೊಂದು ರಾಗ ಕೇಳಿಸುವುದು, ಬಾಗಿಲು ಮುಚ್ಚುವುದು, ಎಲ್ಲ ಸೇರಿ ಅರ್ಧ ನಿಮಿಷ. ಯಾರೋ ಮರೆತುಹೋದ ಕೊಡೆಯನ್ನೂ ಸ್ಟೇಷನ್ನಿನಲ್ಲಿ ಜೋಪಾನವಾಗಿ ಎತ್ತಿಡುತ್ತಾರೆ. ಅದನ್ನೆಲ್ಲ ಕಂಡು, ಇಲ್ಲಿ ಕೂಸನ್ನು ಯಾರ ಕೈಗೆ ಬೇಕಾದರೂ ಕೊಡಬಹುದು, ನಮ್ಮ ಖಾನಾಪುರಕ್ಕಿಂತ ಛಲೋ ಮಂದಿ ಎಂದು ಪ್ರಮಿಳಾಗೆ ನಾನೇ ದೊಡ್ಡ ಶಾಣ್ಯಾನ ಹಾಗೆ ಹೇಳಿದ್ದೆ.

ಮೊನ್ನೆ ಶನಿವಾರ ಪ್ಯಾಸೆಂಜರ್ ಖಾನಾಪುರ ಬಿಟ್ಟು ಐದು ನಿಮಿಷವಾಗಿತ್ತು. ಅವಳ ಫೋನು ಬಂತು. ಅಲ್ಲಿ ಆಗ ಮಧ್ಯಾಹ್ನ. ಮೊದಲು ಬರೀ ಏದುಸಿರು ಕೇಳಿಸಿತು.

“ಸಮೂ ಗಾಡ್ಯಾಗ ಹೋದ್ಲರೀ,” ಎಂದಳು. “ಭಾಳ ಗದ್ಲ ಇತ್ತು. ಬಾಗಲ ಬಾಜೂಕ ಕುಂತಾಕಿ ಕೈಯಾಗ ಕೊಟ್ಟು, ಚೀಲ ಎತ್ತಾಕ ತಿರುಗಿದ್ನಿ. ಬಾಗಲಾ ಮುಚ್ಚಿಬಿಡ್ತು.”

ಅದು ಸಣ್ಣ ಸ್ಟೇಷನ್ನುಗಳನ್ನು ಬಿಟ್ಟು ಓಡುವ ಗಾಡಿಯಂತೆ. ಹದಿನಾಲ್ಕು ನಿಮಿಷ ಎಲ್ಲೂ ನಿಲ್ಲುವುದಿಲ್ಲ. ಸ್ಟೇಷನ್ನಿನವರು ಮುಂದಕ್ಕೆ ಸುದ್ದಿ ಮುಟ್ಟಿಸಿದ್ದರು. ಆದರೆ ಯಾವ ಡಬ್ಬಿ, ಎಂಥ ಹೆಂಗಸು ಎಂದು ಕೇಳಿದರೆ ಪ್ರಮಿಳಾಗೆ ಹೇಳಲು ಗೊತ್ತಾಗಲಿಲ್ಲ. ಹಿಡಿದವರ ಮುಖ ನೋಡುವ ರೂಢಿ ನಮಗೆಲ್ಲಿದೆ? ಅಷ್ಟು ಹೇಳುವಷ್ಟರಲ್ಲಿ ನೆಟ್‌ವರ್ಕ್ ಹೋಯಿತು.

ಜೀವಮಾನದಲ್ಲಿ ನಾನು ಹಾಗೆ ಹೆದರಿದವನಲ್ಲ. ನಾಲ್ಕು ವರ್ಷದ ಹುಡುಗಿಗೆ ಆ ಭಾಷೆಯಲ್ಲಿ ನೀರು ಕೇಳಲೂ ಬರುವುದಿಲ್ಲ. ಆ ಹೆಂಗಸು ಗಾಬರಿಬಿದ್ದು ಅವಳನ್ನು ಕೆಳಗಿಳಿಸಿದರೆ? ಸಮೂ ತಾಯಿಯನ್ನು ಹುಡುಕುತ್ತ ಒಬ್ಬಳೇ ಎಲ್ಲೋ ಇಳಿದರೆ? ಪ್ಲಾಟ್‌ಫಾರ್ಮಿನ ಅಂಚು, ಅದರ ಕೆಳಗಿನ ಹಳಿ ಕಣ್ಣೆದುರು ಬಂದವು.

ಎದುರಿಗೆ ಕೂತಿದ್ದ ಪದ್ಮಾಕರ ಕಾಕಾ ಬೆಳಗಾವಿಯಲ್ಲಿ ಬಟ್ಟೆ ಅಂಗಡಿ ಇಟ್ಟವರು, ನನ್ನ ದಿನದ ಜೊತೆಗಾರರು. ಸಂಗತಿ ಕೇಳಿ, “ಬೀರೇಶ, ಜಪಾನಿನವರು ಕೊಡೆಯನ್ನೂ ಕಳೆಯುವವರಲ್ಲ” ಎಂದು, ನಾನು ಊರಿಗೆ ಬಂದು ಹೇಳಿದ್ದನ್ನೇ ನನಗೆ ಹೇಳಿ ಸಮಾಧಾನ ಮಾಡಲು ಬಂದರು. ನನ್ನ ಮಗಳೇನು ಕೊಡೆಯೇ ಎಂದು ಹರಿಹಾಯ್ದೆ. ಪಾಪ, ಅವರು ಕಿಟಕಿಯ ಕಡೆ ತಿರುಗಿದರು.

ದೇಸೂರಿನಲ್ಲಿ ಗಾಡಿ ನಿಂತಿತು. ಬಾಗಿಲಲ್ಲಿ ಗದ್ದಲವೆದ್ದು, ತಲೆಗಳ ಮೇಲಿಂದ ಒಂದು ಕೂಸು ಬಂದು ನನ್ನ ತೊಡೆಯ ಮೇಲೆ ಕೂತಿತು. ಕೊಟ್ಟವಳು ಕಾಣಲಿಲ್ಲ. ಬೇಡ ಎನ್ನುವಷ್ಟರಲ್ಲಿ ಗಾಡಿ ಹೊರಟಿತು. ಕೂಸು ನನ್ನ ಮುಖ ನೋಡಿ ಕಿರುಚತೊಡಗಿತು. ಇದರ ತಾಯಿ ಹತ್ತಿದಳೋ, ಕೆಳಗೇ ಉಳಿದಳೋ? ಉಳಿದಿದ್ದರೆ ನಾನೇನು ಮಾಡಬೇಕು? ಇಷ್ಟು ವರ್ಷ ಓಡಾಡಿದ ನನಗೆ ಈ ಪ್ರಶ್ನೆ ಹೊಳೆದೇ ಇರಲಿಲ್ಲ. ಎರಡೂ ಕೈಯಿಂದ ಅದರ ಸೊಂಟ ಬಿಗಿಯಾಗಿ ಹಿಡಿದೆ. ಅಲ್ಲಿ ಆ ಹೆಂಗಸೂ ಹೀಗೇ ಹಿಡಿದಿರಲಿ ಎಂದು ಮನೆದೇವರು ಬೀರಪ್ಪನಲ್ಲಿ ಬೇಡಿಕೊಂಡೆ.

ಸ್ವಲ್ಪ ಹೊತ್ತಿಗೆ ತಾಯಿ ಮಂದಿಯನ್ನು ಸರಿಸುತ್ತ ಬಂದಳು. ಕೂಸು ನಗುತ್ತ ಅವಳ ಹೆಗಲಿಗೆ ಹಾರಿತು. ಇನ್ನೊಮ್ಮೆ ಹೀಗೆ ಕೊಡಬೇಡ ಎಂದು ಗದರಿಸಿದೆ. ಅವಳು ನನ್ನನ್ನು ಹುಚ್ಚನನ್ನು ನೋಡಿದಂತೆ ನೋಡಿದಳು.

ಗಾಡಿ ಬೆಳಗಾವಿಯ ಹೊರಗೆ ಸಿಗ್ನಲ್ಲಿಗೆ ನಿಂತಾಗ ಮತ್ತೆ ಫೋನು ಬಂತು. ಸಮೂ ಸಿಕ್ಕಿದ್ದಳು. ಆ ಹೆಂಗಸು ಮುಂದಿನ ಸ್ಟೇಷನ್ನಿನಲ್ಲಿ ತನ್ನ ಕೆಲಸ ಬದಿಗಿಟ್ಟು ಇಳಿದು, ಪ್ರಮಿಳಾ ಹಿಂದಿನ ಗಾಡಿಯಲ್ಲಿ ಬಂದು ಮುಟ್ಟುವ ತನಕ ಅವಳನ್ನು ಎತ್ತಿಕೊಂಡೇ ನಿಂತಿದ್ದಳಂತೆ. ಪ್ರಮಿಳಾ ಅಳುತ್ತಿದ್ದಳು. ನನಗೂ ಅಳು ತಡೆಯಲಾಗಲಿಲ್ಲ, ಪದ್ಮಾಕರ ಕಾಕಾ ಬೆನ್ನು ಸವರಿದರು. ಮಗಳಿಗೆ ಫೋನು ಕೊಡು ಎಂದೆ.

ಸಮೂ ಅಳುತ್ತಿರಲಿಲ್ಲ. ಅದೇ ನನ್ನನ್ನು ಮತ್ತೆ ಹೆದರಿಸಿತು.

“ಅಪ್ಪಾ, ಅವ್ವ ನನ್ನ ಆ ಅಜ್ಜಿಗಿ ಕೊಟ್ಟಬಿಟ್ಟಿದ್ಲು,” ಎಂದಳು.

ಅವ್ವನದೇನೂ ತಪ್ಪಿಲ್ಲ, ಹಾಗೆ ಕೊಡಬಹುದೆಂದು ನಾನೇ ಹೇಳಿದ್ದೆ ಎಂದೆ. ತಾಯಿ ತನ್ನನ್ನು ಕೊಟ್ಟುಬಿಟ್ಟಳೆಂಬ ಅವಳ ಭಯ ಇಳಿಯಲಿ ಎಂಬುದಷ್ಟೇ ನನ್ನ ಮನಸ್ಸಿನಲ್ಲಿತ್ತು.

“ನೀ ಇದ್ದಿದ್ರ, ನೀನೂ ಕೊಡ್ತಿದ್ದೇನಪ್ಪಾ?”

ಆರು ತಿಂಗಳ ಕೂಸಿದ್ದಾಗಿನಿಂದ ಅವಳನ್ನು ಹಾಗೆ ಕೊಡುತ್ತ ಬಂದವನೇ ನಾನು. ಅವಳು ಫೋನನ್ನು ತಾಯಿಗೆ ಕೊಡದೆ, ನನ್ನ ಉತ್ತರಕ್ಕೆ ಕಾಯುತ್ತಲೇ ಇದ್ದಳು.