ಅಳಿಯನಲ್ಲದವನ ಪಾದಪೂಜೆ

ಸಹೃದಯರೂ ವಿವೇಕಶಾಲಿಗಳೂ ಆದ ವಾಚಕ ಮಹಾಶಯರೇ, ಮಹಾಶಯೆಯರೇ! ಕತ್ತಿಯಿಂದಾದ ಗಾಯಕ್ಕೆ ಔಷಧವುಂಟು. ಅರಿಶಿನ-ಕುಂಕುಮದಿಂದಾದ ಗಾಯಕ್ಕೆ ಯಾವ ವೈದ್ಯನ ಬಾಗಿಲು ತಟ್ಟುವುದು? ಅಲಂಕಾರಕ್ಕಾಗಿ ನಾನು ಈ ಪ್ರಶ್ನೆಯನ್ನು ಕೇಳುತ್ತಿಲ್ಲ. ೨೦೦೬ನೆಯ ಇಸವಿಯ ಆಷಾಢದಲ್ಲಿ, ದಿಲ್ಲಿಯ ರೋಹಿಣಿಯ ಒಂದು ಮನೆಯಲ್ಲಿ, ಕಣ್ಣಾರೆ ಕಂಡದ್ದನ್ನು ತಮ್ಮ ಮುಂದಿಡುತ್ತಿದ್ದೇನೆ. ಇದನ್ನೋದಿ ತಾವು ಮನೆಯ ಹಿರಿಯರೊಡನೆ ಜಗಳವಾಡುವಂತಾದರೆ ಆ ಪಾಪ ನನಗಿರಲಿ.

ಮೈಸೂರಿನ ಒಂದು ಅಗರಬತ್ತಿ ಕಂಪನಿಯ ಮಾದರಿ ಪೆಟ್ಟಿಗೆಗಳನ್ನು ಹೊತ್ತು ಊರೂರು ತಿರುಗುವುದು ಆಗ ನನ್ನ ವೃತ್ತಿ. ಶ್ರಾವಣದ ವ್ಯಾಪಾರಕ್ಕೆಂದು ದಿಲ್ಲಿಗೆ ಬಂದ ನನಗೆ, ಕೇಂದ್ರ ಸರ್ಕಾರದ ಹುದ್ದೆಯಿಂದ ನಿವೃತ್ತರಾಗಿದ್ದ ವೆಂಕಟಸುಬ್ಬಯ್ಯನವರು ತಮ್ಮ ತಾರಸಿಯ ಕೋಣೆಯನ್ನು ಬಾಡಿಗೆಗೆ ಕೊಟ್ಟಿದ್ದರು. ಅವರ ಕೆಳಗಿನ ಅಂತಸ್ತಿನಲ್ಲಿ ಸರ್ಕಾರಿ ಕಚೇರಿಯೊಂದರ ಗುಮಾಸ್ತೆ ಮನೋರಮಾ, ಆಕೆಯ ತಾಯಿ ಲೀಲಮ್ಮ, ಹನ್ನೊಂದು ವರ್ಷದ ಮಗಳು ಅಪೂರ್ವ ವಾಸವಾಗಿದ್ದರು. ರಾತ್ರಿಯ ಊಟ ನನಗೆ ಅವರಲ್ಲಿಯೇ. ದುಡ್ಡಿನ ಮಾತೆತ್ತಿದರೆ ಲೀಲಮ್ಮನವರು, “ಸಾರು ಮಾರೋಕೆ ನಾನೇನು ಢಾಬಾ ಇಟ್ಟಿದೀನಾ?” ಎಂದು ಬಾಯಿ ಮುಚ್ಚಿಸುತ್ತಿದ್ದರು.

ಮೊದಲ ಸಂಜೆ ನಾನು ಊಟಕ್ಕೆ ಇಳಿದುಬಂದಾಗ ಅಪೂರ್ವ ಮೆಟ್ಟಿಲ ಮೇಲೆ ಕುಳಿತು, ತೊಡೆಯ ಮೇಲೆ ಪುಸ್ತಕವಿರಿಸಿಕೊಂಡು ಲೆಕ್ಕ ಬಿಡಿಸುತ್ತಿದ್ದಳು. ಕರೆಂಟು ಹೋಗಿ ಬಂದು ಮಾಡುತ್ತಿತ್ತು.

“ಒಳಗೆ ಕೂರಬಾರದೇನಮ್ಮಾ?”

“ಅಂದರ್ ಪಾಪಾ ಟಿವಿ ನೋಡ್ತಾರೆ ಅಂಕಲ್. ಹಾಲ್‌ನಲ್ಲಿ ಅಜ್ಜಿ, ಕಿಚನ್‌ನಲ್ಲಿ ಮಮ್ಮಿ. ಮೈ ಇಲ್ಲೇ ಠೀಕ್ ಹೂಂ.”

ಒಳಗೆ ಸುಮಾರು ನಲವತ್ತೈದರ ಗೃಹಸ್ಥರೊಬ್ಬರು ಮನೆಯ ಒಂದೇ ಒಂದು ಕೈಗುರ್ಚಿಯಲ್ಲಿ ಆಸೀನರಾಗಿದ್ದರು. ಹೆಸರು ಅಶ್ವತ್ಥನಾರಾಯಣ, ದಿಲ್ಲಿಯ ಆಚೆಗಿನ ಫರೀದಾಬಾದಿನ ಕಾರ್ಖಾನೆಯೊಂದರಲ್ಲಿ ಬೆಳಗಿನ ಪಾಳಿಯ ಕೆಲಸ. ಮೃದುಭಾಷಿ. ಕೂಲರಿಗೆ ನೀರು ತುಂಬಿಸಿದವರೂ ಅವರೇ. “ಅಳಿಯಂದಿರೇ, ಇನ್ನೊಂದು ಸೌಟು ಹುಳಿ?” ಎಂದು ಲೀಲಮ್ಮನವರು ಉಪಚರಿಸುತ್ತಿದ್ದರು. ಮನೋರಮಾ ಮಾತ್ರ ಅವರತ್ತ ನೋಡದೆ, “ಬಚ್ಚಲ ನಲ್ಲಿ ಸೋರ್ತಿದೆ” ಎಂದು ಗೋಡೆಗೆ ಹೇಳಿದಳು. ಮರುದಿನ ನಲ್ಲಿ ರಿಪೇರಿಯಾಗಿತ್ತು. ಗಂಡಹೆಂಡಿರ ಮುನಿಸು ಎಂದುಕೊಂಡು ನಾನು ಮನಸ್ಸಿನಲ್ಲಿಯೇ ನಕ್ಕಿದ್ದೆ.

ಅವರು ಗಂಡಹೆಂಡಿರಾಗಿರಲಿಲ್ಲ ಎಂಬುದು ಆಮೇಲೆ ತಿಳಿಯಿತು. ಎರಡು ವರ್ಷಗಳ ಹಿಂದೆಯೇ ಇಬ್ಬರೂ ಒಪ್ಪಿ, ನ್ಯಾಯಾಲಯದಲ್ಲಿ ವಿಚ್ಛೇದನ ಪಡೆದಿದ್ದರು. ಕೆಳಗಿನ ಅಂತಸ್ತಿನ ಆ ಮನೆ ಮನೋರಮಾಳ ಸ್ವಂತ ಸಂಪಾದನೆ. ಒಂದು ತಿಂಗಳಲ್ಲಿ ಹೊರಡುವುದೆಂದು ಮಾತಾಗಿತ್ತು. ಆ ತಿಂಗಳು ಮುಗಿದಾಗ ಲೀಲಮ್ಮನವರು ಆಷಾಢದಲ್ಲಿ ಮನೆ ಬದಲಾಯಿಸಬಾರದೆಂದರು. ಆಷಾಢ ಕಳೆದರೆ ಗೌರಿ, ಗೌರಿ ಕಳೆದರೆ ದೀಪಾವಳಿ, ಅಳಿಯನಿಲ್ಲದ ದೀಪಾವಳಿಯೆಂದರೇನು! ಅಶ್ವತ್ಥನಾರಾಯಣರು ಎಲ್ಲದಕ್ಕೂ ಹೂಂ ಎಂದರು. ಅನ್ನ ಬಿಸಿಯಾಗಿತ್ತು, ಗೌರವ ಅದಕ್ಕಿಂತ ಬಿಸಿಯಾಗಿತ್ತು. ಎದ್ದು ಹೋಗುವ ಅಭ್ಯಾಸವನ್ನು ಅವರಿಗೆ ಯಾರೂ ಕಲಿಸಿರಲಿಲ್ಲ.

ಹಿಂದಿನ ವರ್ಷ ಅವರು ಫರೀದಾಬಾದಿನಲ್ಲಿ ಕೋಣೆ ಗೊತ್ತುಮಾಡಿ ಹಾಸಿಗೆಯನ್ನು ಸುತ್ತಿಯೂ ಆಗಿತ್ತು. ಮರುದಿನವೇ ಭೀಮನ ಅಮಾವಾಸ್ಯೆ. ನಮ್ಮ ಹೆಂಗಸರು ಗಂಡನ ಪಾದ ತೊಳೆದು ಪೂಜಿಸುವ ದಿನ. ಲೀಲಮ್ಮನವರು ಮಗಳ ಕೈಹಿಡಿದು ಅತ್ತರು: “ಇದೊಂದು ವರ್ಷ ತೊಳೆದುಬಿಡೇ. ಪೂಜೆ ಇಲ್ಲ ಅಂತ ಗೊತ್ತಾದ್ರೆ ನಾಳೆಯಿಂದ ಒಬ್ಬರೂ ನಿನ್ನನ್ನ ಕುಂಕುಮಕ್ಕೆ ಕರೆಯೋಲ್ಲ.” ತಾಯಿಯ ಕಣ್ಣೀರಿಗೆ ಸೋತು ಆಕೆ ತೊಳೆದಳು. ಅಂದು ಸಂಜೆ ಅಶ್ವತ್ಥನಾರಾಯಣರು ಸುತ್ತಿದ ಹಾಸಿಗೆಯನ್ನು ಬಿಚ್ಚಿ ಹಾಸಿದರು. “ಪಾದಪೂಜೆ ಮಾಡಿಸಿಕೊಂಡವನನ್ನು ಹೊರಗೆ ಹೋಗು ಅನ್ನೋದು ಯಾವ ಧರ್ಮ?” ಎಂದು ಕೇಳಿದರು. ಆ ಪ್ರಶ್ನೆ ನ್ಯಾಯವಾದದ್ದೆಂದು ಆ ಬಡಾವಣೆಯ, ಅಂದರೆ ಆ ಸೆಕ್ಟರಿನ, ಕನ್ನಡಿಗರೆಲ್ಲ ತಲೆದೂಗಿದರು!

ಅಂದಿನಿಂದ ಮಲಗುವ ಕೋಣೆ ಅವರದಾಯಿತು. ಮನೋರಮಾ ಅಡುಗೆಮನೆಯಲ್ಲಿ, ಸಿಲಿಂಡರಿಗೂ ಅಕ್ಕಿಯ ಡಬ್ಬಕ್ಕೂ ನಡುವೆ, ಒಳಗಿನಿಂದ ಚಿಲಕ ಹಾಕಿಕೊಂಡು ಮಲಗತೊಡಗಿದಳು. ಅಪೂರ್ವಳಿಗೆ ಗಣಿತ ಹೇಳಿಕೊಡಲು ಬಂದ, ಮನೋರಮಾಳ ಕಚೇರಿಯ ಸಹೋದ್ಯೋಗಿಯೊಬ್ಬರನ್ನು ಅಶ್ವತ್ಥನಾರಾಯಣರು ಬಾಗಿಲಲ್ಲಿಯೇ ತಡೆದು, “ಈ ಮನೆಗೆ ಯಜಮಾನ ಇದ್ದಾನೆ” ಎಂದು ಹಿಂದಕ್ಕೆ ಕಳುಹಿಸಿದರು. ಶಾಲೆ ಬಿಟ್ಟ ಮೇಲೆ ಹುಡುಗಿ ಮನೆಗೆ ಬರುವುದನ್ನೇ ನಿಲ್ಲಿಸಿದಳು; ತಾಯಿ ಬರುವವರೆಗೆ ಮೆಟ್ರೋ ನಿಲ್ದಾಣದ ಬಳಿ, ಮುಸುಕಿನ ಜೋಳದ ಭುಟ್ಟಾ ಸುಡುವವಳ ಪಕ್ಕದಲ್ಲಿ, ಬ್ಯಾಗನ್ನು ತಬ್ಬಿಕೊಂಡು ನಿಂತಿರುತ್ತಿದ್ದಳು. ಪರೀಕ್ಷೆಯಲ್ಲಿ ಮೂರು ವಿಷಯ ಹೋದವು.

ಇದಕ್ಕೆ ಹಿರಿಯರು ಕಂಡುಹಿಡಿದ ಪರಿಹಾರವನ್ನು ಕೇಳಿರಿ. ಈ ವರ್ಷದ ಅಮಾವಾಸ್ಯೆಗೆ ಕೆಲವೇ ದಿನಗಳಿದ್ದಾಗ ಕೆಳಗಿನ ಮನೆಗೆ ಬಂದ ವೆಂಕಟಸುಬ್ಬಯ್ಯನವರು ಚಹ ಹೀರುತ್ತ ತೀರ್ಪಿತ್ತರು: “ಹುಡುಗಿ ನಡುವೆ ಇರೋದ್ರಿಂದಲೇ ಇವರಿಬ್ಬರೂ ಒಂದಾಗ್ತಿಲ್ಲ. ದಾವಣಗೆರೆಗೆ ಚಿಕ್ಕಮ್ಮನ ಹತ್ತಿರ ಕಳಿಸಿಬಿಡಿ, ಅಲ್ಲೇ ಓದ್ಲಿ. ಈ ಸಲ ಪಾದಪೂಜೆ ಹತ್ತು ಜನರ ಮುಂದೆ ಆಗಲಿ. ಎಲ್ಲಾ ಸರಿಹೋಗುತ್ತೆ.”

ನನಗೆ ಸುಮ್ಮನಿರಲಾಗಲಿಲ್ಲ. “ಸ್ವಾಮಿ, ಮನೆ ಆಕೆಯದು, ಮಗು ಆಕೆಯದು. ಹೊರಡಬೇಕಾದವರನ್ನು ಕೂರಿಸಿ, ಇರಬೇಕಾದವಳನ್ನು ಕಳಿಸೋದೇ?”

“ನಿನಗೇನಯ್ಯಾ ಗೊತ್ತು, ಊದುಬತ್ತಿ ಮಾರೋನಿಗೆ? ಸೂರಿನಡಿ ಕೂತ ಗಂಡಸಿಗೆ ಹೋಗು ಅನ್ನೋ ಮಾತು ನಮ್ಮ ಜನದ ಬಾಯಲ್ಲಿ ಬರೋದಿಲ್ಲ.”

“ಗಂಡನಲ್ಲದವನಿಗೆ ಗಂಡನ ಪೂಜೆ ಮಾಡಿದರೆ ದೇವರು ಮೋಸಹೋಗ್ತಾನೆಯೇ?”

“ದೇವರ ಮಾತು ಬಿಡಯ್ಯಾ, ಸೆಕ್ಟರಿನವರು ಏನಂತಾರೆ ಹೇಳು!”

ಅಷ್ಟರಲ್ಲಿ ಲೀಲಮ್ಮನವರು ಸೆರಗು ಕಣ್ಣಿಗೊತ್ತಿಕೊಂಡರು. “ಪೊಲೀಸು ಗಿಲೀಸು ಅಂತ ಯಾರಾದ್ರೂ ಬಾಯಿಬಿಟ್ರೆ ನಾನು ಬಾವಿಗೆ ಬೀಳ್ತೀನಿ.”

“ಅಜ್ಜೀ, ರೋಹಿಣಿಯಲ್ಲಿ ಬಾವಿ ಎಲ್ಲಿದೆ, ಕಹಾಂ ಹೈ?” ಎಂದಳು ಅಪೂರ್ವ.

ಎಲ್ಲರೂ ನಕ್ಕರು, ಅಶ್ವತ್ಥನಾರಾಯಣರೂ ನಕ್ಕರು. ಮನೋರಮಾ ಚಪಾತಿಯ ಹಿಟ್ಟಿನಿಂದ ಕೈ ತೆಗೆದು ಮಗಳನ್ನು ಹತ್ತಿರಕ್ಕೆ ಕರೆದಳು. “ದಾವಣಗೆರೆಗೆ ಹೋಗ್ತೀಯೇನೇ?”

ಹುಡುಗಿ ತಾಯಿಯ ಹಿಟ್ಟಿನ ಕೈಯನ್ನು ಹಿಡಿದು, “ನಾನೇನು ಮಾಡಿದೆ ಮಮ್ಮಿ?” ಎಂದಳು.

 ಆದರೂ ಮರುದಿನ ವೆಂಕಟಸುಬ್ಬಯ್ಯನವರ ಕೈಯಲ್ಲಿ ದಾವಣಗೆರೆಯ ಟಿಕೆಟ್ಟು ಬಂತು, ಹಬ್ಬದ ಮಾರನೆಯ ದಿನಕ್ಕೆ.

ಅಮಾವಾಸ್ಯೆಯ ಬೆಳಗ್ಗೆ ನಡುಮನೆಯಲ್ಲಿ ರಂಗೋಲಿ, ಜೋಡಿದೀಪ, ಒಂಬತ್ತು ಗಂಟಿನ ದಾರ, ಎಲ್ಲವೂ ಸಜ್ಜಾಗಿದ್ದವು. ಸೆಕ್ಟರಿನ ಕನ್ನಡದ ಹೆಂಗಸರು ರೇಷ್ಮೆಯುಟ್ಟು ಬಂದು ಕುಳಿತಿದ್ದರು. ಹೊಸ್ತಿಲ ಮೇಲೆ, ಒಳಗೆ ನಾಣ್ಯವಿಟ್ಟ ಭಂಡಾರದ ಕಡುಬನ್ನು ಮೊಣಕೈಯಿಂದ ಒಡೆದು ಹರಸುವುದಕ್ಕೆ ಒಡಹುಟ್ಟಿದವನೊಬ್ಬ ಬೇಕಷ್ಟೆ? ಮನೋರಮಾಳಿಗೆ ಅಣ್ಣತಮ್ಮಂದಿರಿಲ್ಲ; ಲೀಲಮ್ಮನವರು ನನ್ನನ್ನೇ ಎಳೆದು ಕೂರಿಸಿದರು. ಅಶ್ವತ್ಥನಾರಾಯಣರು ಪಂಚೆಯುಟ್ಟು, ಮಣೆಯ ಮೇಲೆ ಕುಳಿತು, ತಟ್ಟೆಯಲ್ಲಿ ಪಾದವಿರಿಸಿ ಕಾದರು.

“ಮಿಸುಕದ ಹಾಗೆ ಕೂತಿದಾರೆ ನೋಡ್ರೀ,” ಎಂದು ಮೂಲೆಯಿಂದ ಯಾರೋ ಪಿಸುಗುಟ್ಟಿದರು. “ಹೆಸರೇ ಅಶ್ವತ್ಥ, ಗೋಡೆಯಲ್ಲಿ ಬೇರುಬಿಟ್ಟ ಅಶ್ವತ್ಥವನ್ನು ಕೀಳೋ ಹಾಗೂ ಇಲ್ಲ, ಬಿಡೋ ಹಾಗೂ ಇಲ್ಲ.”

ಮನೋರಮಾ ನೀರು ತುಂಬಿದ ತಂಬಿಗೆ ಹಿಡಿದು ಬಂದಳು. ಬಂದವಳು ಬಗ್ಗಲಿಲ್ಲ.

“ಅಮ್ಮಾ, ಇವರು ಯಾರು?”

ಲೀಲಮ್ಮನವರು ಗಾಬರಿಯಾದರು. “ಏನೇ ಹಾಗಂದ್ರೆ? ನಮ್ಮ ಅಳಿಯಂದಿರು!”

“ನಿನಗೆ ಅಳಿಯ. ನನಗೆ?”

ವೆಂಕಟಸುಬ್ಬಯ್ಯನವರು ಗಟ್ಟಿಯಾಗಿ ನಕ್ಕು ಮಾತನ್ನು ತೇಲಿಸಲು ನೋಡಿದರು. “ಅಳಿಯ ಅಲ್ಲ, ಮಗಳ ಗಂಡ ಅಂದ ಹಾಗಾಯ್ತು! ಬೇಗ ನೀರು ಹಾಕಮ್ಮ, ಮುಹೂರ್ತ ಮೀರುತ್ತೆ.”

“ಗಾದೆ ಸರಿಯಾಗಿದೆ ಸಾರ್. ಎರಡೂ ಅಲ್ಲದವರಿಗೆ ಗಾದೆಯಿಲ್ಲ.” ಆಕೆ ತಂಬಿಗೆಯನ್ನು ಅಶ್ವತ್ಥನಾರಾಯಣರ ಕೈಗೆಟುಕುವಲ್ಲಿ, ನೆಲದ ಮೇಲಿಟ್ಟಳು. ಎರಡು ವರ್ಷಗಳಲ್ಲಿ ಮೊದಲ ಬಾರಿಗೆ ಗೋಡೆಯನ್ನು ಬಿಟ್ಟು ಅವರನ್ನೇ ನೋಡಿ ನುಡಿದಳು. “ಮನೆಗೆ ಬಂದ ಅತಿಥಿಗೆ ನಾವು ನೀರು ಕೊಡ್ತೀವಿ, ಅವರು ತಾವೇ ಕಾಲು ತೊಳ್ಕೋತಾರೆ. ತೊಳ್ಕೊಳ್ಳಿ. ಹಬ್ಬದ ಅಡುಗೆ ಆಗಿದೆ, ಕೂತು ಊಟ ಮಾಡಿ. ಆಮೇಲೆ ಹೊರಡಿ.”

“ಇಷ್ಟು ಜನರ ಮುಂದೆ ಹೀಗಾ?” ಅವರ ಕಿವಿಗಳು ಕೆಂಪಾದವು.

“ಇಷ್ಟು ಜನರ ಮುಂದೆಯೇ ಅಲ್ಲವೇ ಪೂಜೆಗೆ ಕೂತಿದ್ದು?”

ಕೋಪ ಎದ್ದಷ್ಟೇ ಬೇಗ ಅವರಲ್ಲಿ ಆರಿಹೋಯಿತು. “ಫರೀದಾಬಾದಿನಲ್ಲಿ ನನಗೆ ಯಾರಿದ್ದಾರೆ ಮನೋರಮಾ?”

“ಯಾರೂ ಇಲ್ಲ ಅಂತ ನಂಗೂ ಗೊತ್ತು. ಅದಕ್ಕೋಸ್ಕರ ನಾನು ಹೆಂಡತಿಯಾಗಿರೋಕಾಗಲ್ಲ. ನನ್ನ ಮಗಳು ಈ ಮನೆ ಬಿಡೋಲ್ಲ.”

ಅಪೂರ್ವ ಬಾಗಿಲ ಮರೆಯಿಂದ ಈಚೆಗೆ ಬಂದಳು. “ಪಾಪಾ, ಸಂಡೇ ಸಂಡೇ ನಾನೇ ಬರ್ತೀನಿ, ಪಕ್ಕಾ. ನೀವು ಪ್ಲೀಸ್ ಹೋಗಿ ನಾ.”

ಆ ಮನುಷ್ಯ ಮಗಳ ಮುಖವನ್ನು ನೋಡಿದರು. ಬಳಿಕ ತಂಬಿಗೆಯನ್ನೆತ್ತಿ, ಮೊದಲು ಬಲಗಾಲು, ಆಮೇಲೆ ಎಡಗಾಲು, ತಾವೇ ತೊಳೆದುಕೊಂಡರು. ಆ ಕ್ಷಣದಲ್ಲಿ ಅವರು ನನ್ನ ಕಣ್ಣಿಗೆ ಹಿಂದೆಂದಿಗಿಂತಲೂ ದೊಡ್ಡವರಾಗಿ ಕಂಡರು.

ಹೆಂಗಸರಲ್ಲಿ ಹಲವರು ಕುಂಕುಮ ಮುಟ್ಟದೆ ಎದ್ದುಹೋದರು. ಇಬ್ಬರು ಕುಳಿತೇ ಇದ್ದರು. ಒಬ್ಬಾಕೆ ತಾನಾಗಿಯೇ ಎದ್ದು ಮನೋರಮಾಳ ಹಣೆಗೆ ಕುಂಕುಮವಿಟ್ಟಳು. ಲೀಲಮ್ಮನವರು ಅಡುಗೆಮನೆಯಲ್ಲಿ ಬಹಳ ಹೊತ್ತು ಬಿಕ್ಕಿದರು. ಬಾವಿಯ ಮಾತು ಬರಲಿಲ್ಲ. ಕೊನೆಗೆ ಕಡುಬಿನ ಪಾತ್ರೆ ಹಿಡಿದು ಬಡಿಸಲು ಬಂದರು. “ಅಳಿಯಂ...” ಎಂದವರು ಅಲ್ಲಿಯೇ ತಡೆದರು. ಆಮೇಲೆ, “ಅಶ್ವತ್ಥನಾರಾಯಣ ಅವರೇ, ಇನ್ನೊಂದು ಕಡುಬು ಹಾಕಲೇ?” ಎಂದರು.

“ಸಾಕಮ್ಮ,” ಎಂದರು ಅವರು.

ನಾನು ತಾರಸಿಗೆ ಏರುವಷ್ಟರಲ್ಲಿ ವೆಂಕಟಸುಬ್ಬಯ್ಯನವರು ಕೋಣೆಯ ಬಾಗಿಲಲ್ಲಿ ನಿಂತಿದ್ದರು. “ಇದೆಲ್ಲಾ ನಿನ್ನ ಕುಮ್ಮಕ್ಕು. ಸಂಜೆಯೊಳಗೆ ಜಾಗ ಖಾಲಿ ಮಾಡು. ಹೋಗು!”

ವಾಚಕರೇ, ಸೂರಿನಡಿಯ ಗಂಡಸಿಗೆ ಆ ಮಾತು ತಮ್ಮ ಬಾಯಲ್ಲಿ ಬಾರದೆಂದಿದ್ದ ಮಹನೀಯರು ಅದನ್ನು ಎಷ್ಟು ಸಲೀಸಾಗಿ ಆಡಿದರು! ಮಾತು ನಮ್ಮ ಭಾಷೆಯಲ್ಲಿ ಇದ್ದೇ ಇದೆ. ನೊಂದ ಹೆಣ್ಣಿನ ಪರವಾಗಿ ಆಡುವಾಗ ಮಾತ್ರ ಹಿರಿಯರ ನಾಲಿಗೆ ತೊದಲುತ್ತದೆ. ತಮ್ಮ ಬಂಧುಬಳಗದಲ್ಲಿ ಇಂಥ ಮನೆಯೊಂದಿದ್ದರೆ ಆ ಹೆಣ್ಣು ಹತ್ತು ಜನರ ಮುಂದೆ ಒಬ್ಬಳೇ ನಿಲ್ಲುವವರೆಗೆ ಕಾಯಬೇಡಿರಿ. ಮೊದಲು ತಾವೇ ಆ ಮಾತನ್ನಾಡಿರಿ.

ನಾನು ಮಾದರಿ ಪೆಟ್ಟಿಗೆಗಳಿಗೆ ಹಗ್ಗ ಬಿಗಿದು, ಒಗೆದ ಅಂಗಿಗಳನ್ನು ಒದ್ದೆಯಾಗಿಯೇ ಚೀಲಕ್ಕೆ ತುರುಕಿ ಇಳಿದೆ. ಕೆಳಗೆ ಅಶ್ವತ್ಥನಾರಾಯಣರು ಟ್ರಂಕನ್ನು ಒಬ್ಬರೇ ಎತ್ತಲಾಗದೆ ನಿಂತಿದ್ದರು. ಒಂದು ಕಡೆ ನಾನು ಹಿಡಿದೆ. ಇಬ್ಬರ ಸಾಮಾನನ್ನೂ ಕಂಡು ಆಟೋದವನು ತಕರಾರು ತೆಗೆದ. “ಚಲೋ ಭಯ್ಯಾ, ಬಸ್ ಅಡ್ಡಾ ತನಕ ತಾನೇ,” ಎಂದು ಅವನನ್ನು ಒಪ್ಪಿಸಿದೆ.

“ಫರೀದಾಬಾದಿನಲ್ಲಿ ಅಗರಬತ್ತಿ ಖರ್ಚಾಗುತ್ತಾ?” ದಾರಿಯಲ್ಲಿ ಅವರು ಕೇಳಿದರು.

“ಗೊತ್ತಿಲ್ಲ ಸ್ವಾಮಿ, ನಾನಿನ್ನೂ ಆ ಊರು ಕಂಡಿಲ್ಲ,” ಎಂದೆ. ಆಟೋ ಮುಖ್ಯರಸ್ತೆಗೆ ತಿರುಗಿತು. ಟ್ರಂಕು ಜಾರದಂತೆ ಇಬ್ಬರೂ ಕಾಲು ಕೊಟ್ಟು ಕುಳಿತೆವು.